ಪ್ಲೇನರ್‌ಗೆ ಡಿಜಿಟಲ್ ದಪ್ಪ-ಮಾಪಕ ಕೂರಿಸುವುದು: ಸ್ಕೇಲ್ ಕೊಳ್ಳುವುದರಿಂದ ಕೊನೆಯ ಪಾಸ್‌ವರೆಗೆ

ಥಿಕ್ನೆಸ್ ಪ್ಲೇನರ್ (ಹಲಗೆಯನ್ನು ಉದ್ದಕ್ಕೂ ಒಂದೇ ದಪ್ಪಕ್ಕೆ ಕೀಸುವ ಮೆಷಿನ್) ಜೊತೆ ಕಂಪನಿಯವರು ಅಂಟಿಸಿ ಕೊಡುವ ಸ್ಕೇಲ್ ಒಂದು ಸ್ಟಿಕ್ಕರ್, ಅಷ್ಟೇ. ಒಂದು ಕೆಂಪು ಮುಳ್ಳು, ಅದರ ಹಿಂದೆ ಮಿಲಿಮೀಟರ್ ಗೆರೆಗಳು. ನೇರ ಕಣ್ಣಿಟ್ಟು ನೋಡಿದರೆ 18, ನಿಂತುಕೊಂಡು ಮೇಲಿಂದ ನೋಡಿದರೆ ಹದಿನೆಂಟೂವರೆ. ಒಂದೇ ಹಲಗೆ ಕೀಸುವಾಗ ಇದರಿಂದ ತೊಂದರೆ ಇಲ್ಲ. ಕಿಟಕಿಯ ನಾಲ್ಕು ಬಾಗಿಲಿಗೆ ತೇಗದ ಪಟ್ಟಿ ಕೀಸಿ ಮುಗಿಸಿದ್ದೀರಿ, ವಾರದ ಮೇಲೆ ಒಂದು ಪಟ್ಟಿ ಸೀಳು ಬಿಟ್ಟಿದೆ ಅಂತ ಗೊತ್ತಾಗಿ ಹೊಸದು ಬೇಕಾಯ್ತು ಅಂತಿಟ್ಟುಕೊಳ್ಳಿ, ಆಗ ಆ ಸ್ಟಿಕ್ಕರ್ ನಿಮ್ಮನ್ನು ಮೊದಲಿನ ದಪ್ಪಕ್ಕೆ ಕರೆದುಕೊಂಡು ಹೋಗುವುದಿಲ್ಲ. ಒಂದು ಪಾಸ್ (ಹಲಗೆಯನ್ನು ಒಂದು ಸಲ ಮೆಷಿನ್‌ನೊಳಗೆ ಓಡಿಸುವುದು), ಕ್ಯಾಲಿಪರ್ (ದವಡೆಗಳ ನಡುವೆ ಹಿಡಿದು ದಪ್ಪ ಅಳೆಯುವ ಸಾಧನ), ಮತ್ತೊಂದು ಪಾಸ್, ಮತ್ತೆ ಕ್ಯಾಲಿಪರ್. ಕೊನೆಗೆ ಕಾಲು ಮಿಲಿಮೀಟರ್ ಜಾಸ್ತಿ ಕೀಸಿ ಹೋಗಿರುತ್ತದೆ.

ಡಿಜಿಟಲ್ ಸ್ಕೇಲ್ ಈ ತೊಂದರೆಗೆ ಮದ್ದು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಎಲ್ಲ ಕೆಲಸವೂ ಇದರ ಮೇಲೇ ನಿಂತಿದೆ: ಈ ಮಾಪಕ ಮರದ ದಪ್ಪ ಅಳೆಯುವುದಿಲ್ಲ. ಮೆಷಿನ್‌ನ ಎರಡು ಭಾಗಗಳ ನಡುವಿನ ದೂರ ಅಳೆಯುತ್ತದೆ. ಅದರಿಂದ ಸಿಗುವ ದೊಡ್ಡ ಲಾಭ ಅಂದರೆ ಹೋದ ತಿಂಗಳು ನಿಂತಿದ್ದ ಜಾಗಕ್ಕೇ ಇವತ್ತೂ ಹೋಗಿ ನಿಲ್ಲಬಹುದು. ಸೊನ್ನೆ ಪಾಯಿಂಟ್ ಸೊನ್ನೆ ಒಂದರವರೆಗೆ ಸಂಖ್ಯೆ ತೋರಿಸುತ್ತದೆ ಅಂತ ಮರವೂ ಅಷ್ಟು ಕರಾರುವಾಕ್ಕಾಗಿ ಬರುತ್ತದೆ ಅಂದುಕೊಳ್ಳಬೇಡಿ.

ಮೊದಲು ಮೆಷಿನ್ ನೋಡಿ

ಪ್ಲೇನರ್‌ಗಳು ಎರಡು ಥರ. ಮೇಜಿನ ಮೇಲಿಡುವ ಪೋರ್ಟಬಲ್ ಮೆಷಿನ್‌ಗಳಲ್ಲಿ, ಅಂದರೆ ಡಿವಾಲ್ಟ್ ಡಿಡಬ್ಲ್ಯು 735, ಮಕೀಟಾ 2012 ಎನ್‌ಬಿ ಥರದವುಗಳಲ್ಲಿ, ಬೆಡ್, ಅಂದರೆ ಮರ ಕೂರುವ ತಳದ ಹಾಸು, ಅಲುಗುವುದಿಲ್ಲ. ಮೋಟರ್, ಬ್ಲೇಡ್, ರೋಲರ್ ಎಲ್ಲ ಹೊತ್ತ ಕ್ಯಾರೇಜ್ ನಾಲ್ಕು ಕಂಬಗಳ ಮೇಲೆ ಏರಿಳಿಯುತ್ತದೆ. ನಮ್ಮ ಮರಗೆಲಸದ ಅಂಗಡಿಗಳಲ್ಲಿ, ಸಾಮಿಲ್‌ಗಳಲ್ಲಿ ಇರುವ ಬೀಡು ಕಬ್ಬಿಣದ ದೊಡ್ಡ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಇದರ ತಿರುಗುಮುರುಗು. ಬ್ಲೇಡಿನ ಉರುಳೆ ಇದ್ದಲ್ಲೇ ಇರುತ್ತದೆ, ಚಕ್ರ ತಿರುಗಿಸಿದರೆ ಬೆಡ್ ಮೇಲೆ ಬರುತ್ತದೆ.

ಇಲ್ಲಿ ಪೋರ್ಟಬಲ್ ಮೆಷಿನ್ ಇಟ್ಟುಕೊಂಡು ವಿವರಿಸುತ್ತೇನೆ. ದೊಡ್ಡ ಮೆಷಿನ್‌ನವರಿಗೆ ಬೇರೆಯಾಗುವ ವಿಷಯಗಳು ಕೊನೆಯಲ್ಲಿವೆ.

ಹ್ಯಾಂಡಲ್ ತಿರುಗಿಸಿ ಕ್ಯಾರೇಜನ್ನು ತೀರಾ ಕೆಳಗಿನಿಂದ ತೀರಾ ಮೇಲಿನವರೆಗೆ ಒಮ್ಮೆ ಓಡಿಸಿ ನೋಡಿ. ಒಟ್ಟು ಎಷ್ಟು ಮಿಲಿಮೀಟರ್ ಏರುತ್ತದೆ ಅಂತ ಟೇಪ್ ಹಿಡಿದು ಬರೆದುಕೊಳ್ಳಿ. ಈ ಗಾತ್ರದ ಮೆಷಿನ್‌ಗಳಲ್ಲಿ ಇದು ಸುಮಾರು 150 ಮಿ.ಮೀ. ಇರುತ್ತದೆ. ಈ ಒಂದು ಅಳತೆ ಮರೆತರೆ ಮುಂದೆ ಸ್ಕೇಲ್ ಮುರಿದುಕೊಳ್ಳುವ ಸಾಧ್ಯತೆ ಇದೆ, ಯಾಕೆ ಅಂತ ಈಗ ಹೇಳುತ್ತೇನೆ.

ಯಾವ ಸ್ಕೇಲ್ ಕೊಳ್ಳಬೇಕು

ಮೂರು ದಾರಿ ಇವೆ. ಪ್ಲೇನರ್‌ಗೆಂದೇ ಮಾಡಿದ ಕಿಟ್ ಒಂದು, ವಿಕ್ಸಿ ಕಂಪನಿಯ ಡಬ್ಲ್ಯುಆರ್ 510 ಅದಕ್ಕೆ ಹೆಸರುವಾಸಿ. ಬ್ರಾಕೆಟ್ ಸಮೇತ ಬರುತ್ತದೆ, ಕೆಲಸ ಬೇಗ ಆಗುತ್ತದೆ, ಆದರೆ ಹೊರದೇಶದಿಂದ ತರಿಸಿದರೆ ದುಬಾರಿ ಬೀಳುತ್ತದೆ. ಎರಡನೆಯದು ಲೇತ್, ಮಿಲ್ಲಿಂಗ್ ಮೆಷಿನ್‌ಗಳಿಗೆ ಹಾಕುವ ಡಿಜಿಟಲ್ ರೀಡೌಟ್ ಸ್ಕೇಲ್. ಇದರಲ್ಲಿ ಎರಡೂ ತುದಿಗೆ ಬೋಲ್ಟ್ ಹಾಕುವ ಜಾಗ ಇರುತ್ತದೆ, ರೀಡಿಂಗ್ ಹೆಡ್‌ನ (ಸ್ಕೇಲ್‌ನ ಕೋಲಿನ ಮೇಲೆ ಜಾರುತ್ತಾ ಅಳತೆ ಓದುವ ಭಾಗ) ಬೆನ್ನಿಗೆ ಮರೆ (ಥ್ರೆಡ್) ಕೊರೆದ ತೂತುಗಳಿರುತ್ತವೆ. ಮೂರನೆಯದು ಮಾಮೂಲಿ ಡಿಜಿಟಲ್ ಕ್ಯಾಲಿಪರ್‌ನ ದವಡೆ ಕತ್ತರಿಸಿ ಬಳಸುವುದು.

ನನ್ನ ಕೇಳಿದರೆ ಎರಡನೆಯದೇ ಸರಿ. ಬೆಂಗಳೂರಿನವರು ಎಸ್‌ಜೆಪಿ ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ವಿಚಾರಿಸಬಹುದು, ಉಳಿದವರಿಗೆ ಆನ್‌ಲೈನ್ ಇದೆ. 150 ಮಿ.ಮೀ. ಸಾಕು ಅನ್ನಿಸುತ್ತದೆ, ಆದರೂ 200 ಮಿ.ಮೀ. ತಗೊಳ್ಳಿ. ಕ್ಯಾರೇಜ್ ಓಡುವಷ್ಟು ದೂರ ಸ್ಕೇಲ್ ಓಡದೇ ಹೋದರೆ ಯಾವತ್ತೋ ಒಂದು ದಿನ ದಪ್ಪ ದಿಮ್ಮಿಗೆ ಅಂತ ಹ್ಯಾಂಡಲ್ ತಿರುಗಿಸುತ್ತೀರಿ, ಹೆಡ್ ಹೋಗಿ ತುದಿಗೆ ಬಡಿಯುತ್ತದೆ, ಸ್ಕ್ರೂ ಗೇರಿಂಗ್‌ನ ಬಲದ ಮುಂದೆ ಆ ಚಿಕ್ಕ ಸ್ಕೇಲ್ ನಿಲ್ಲುವುದಿಲ್ಲ.

ಕೊಳ್ಳುವ ಮುಂಚೆ ಇನ್ನೆರಡು ವಿಷಯ ನೋಡಿ. ಒಂದು, ಡಿಸ್‌ಪ್ಲೇಯಲ್ಲಿ ಬೇಕಾದ ಸಂಖ್ಯೆ ಕೂರಿಸುವ ಸೌಲಭ್ಯ ಇದೆಯಾ ಅಂತ. ಪ್ರೀಸೆಟ್ ಅಂತಲೋ, ಪ್ಲಸ್-ಮೈನಸ್ ಗುಂಡಿಗಳಾಗಿಯೋ ಇರುತ್ತದೆ. ಬರೀ ಝೀರೋ ಗುಂಡಿ ಇದ್ದರೂ ಕೆಲಸ ನಡೆಯುತ್ತದೆ, ಆದರೆ ಸುಮ್ನೆ ಸುತ್ತು ದಾರಿ. ಯಾಕಂದ್ರೆ ಪ್ಲೇನರ್‌ನ ಬ್ಲೇಡ್ ಯಾವತ್ತೂ ಬೆಡ್‌ಗೆ ತಾಗುವ ಮಟ್ಟಕ್ಕೆ ಇಳಿಯುವುದಿಲ್ಲ, ಹಾಗಾಗಿ ನಿಜವಾದ ಸೊನ್ನೆಗೆ ಹೋಗಿ ಗುಂಡಿ ಒತ್ತಲು ಆಗುವುದಿಲ್ಲ. ಎರಡು, ಡಿಸ್‌ಪ್ಲೇ ಹೆಡ್ ಮೇಲೆಯೇ ಇದೆಯಾ, ಇಲ್ಲ ವೈರ್ ಮೂಲಕ ಬೇರೆ ಕಡೆ ಇಡಬಹುದಾ ಅಂತ. ವೈರ್ ಇದ್ದರೆ ಕಣ್ಣಿನ ಮಟ್ಟಕ್ಕೆ ಇಟ್ಟುಕೊಳ್ಳಬಹುದು, ಬಗ್ಗಿ ನೋಡುವ ಕಷ್ಟ ತಪ್ಪುತ್ತದೆ.

ಕ್ಯಾಲಿಪರ್ ದಾರಿ ಹಿಡಿಯುವವರಿಗೆ: ಒಳ್ಳೆಯ ಕ್ಯಾಲಿಪರ್‌ನ ಉಕ್ಕು ಹದ ಮಾಡಿದ್ದು. ಹ್ಯಾಕ್ಸಾ ಅದರ ಮೇಲೆ ಜಾರುತ್ತದೆ. ಆ್ಯಂಗಲ್ ಗ್ರೈಂಡರ್‌ಗೆ ತೆಳು ಕಟಿಂಗ್ ಚಕ್ರ ಹಾಕಿ ಕತ್ತರಿಸಬೇಕು. ಅದಕ್ಕೂ ಮೊದಲು, ತುದಿಯ ತಡೆ ತೆಗೆದು, ಜಾರುವ ಹೆಡ್ ಪೂರ್ತಿ ಕಳಚಿ ಪಕ್ಕಕ್ಕಿಡಿ. ಕೋಲಿನ ಮೇಲಿನ ಸ್ಟಿಕ್ಕರ್ ಕೆಳಗೆ ತಾಮ್ರದ ಗೆರೆಗಳಿರುವ ಸರ್ಕ್ಯೂಟ್ ಪಟ್ಟಿ ಅಂಟಿಸಿರುತ್ತಾರೆ, ಅಳತೆ ಮಾಡುವುದು ಅದೇ. ಅದಕ್ಕೆ ಬಿಸಿ ತಾಗಿದರೆ ಅಂಟು ಬಿಡುತ್ತದೆ. ಸ್ವಲ್ಪ ಕತ್ತರಿಸಿ, ಒದ್ದೆ ಬಟ್ಟೆಯಿಂದ ತಣಿಸಿ, ಮತ್ತೆ ಕತ್ತರಿಸಿ. ಚಲಿಸುವ ದವಡೆಯನ್ನು ಪೂರ್ತಿ ತೆಗೆಯಬೇಡಿ, ಅರ್ಧ ಇಂಚು ಉಳಿಸಿ. ಅದನ್ನು ಎರಡು ಅಲ್ಯುಮಿನಿಯಂ ತುಂಡುಗಳ ನಡುವೆ ಇಟ್ಟು ಬೋಲ್ಟ್‌ನಿಂದ ಬಿಗಿದರೆ ಗಟ್ಟಿ ಉಕ್ಕಿಗೆ ತೂತು ಕೊರೆಯುವ ರಗಳೆಯೇ ಇರುವುದಿಲ್ಲ.

ಎಲ್ಲಿ ಕೂರಿಸಬೇಕು

ಪ್ಲಗ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೈಯಲ್ಲಿ ಹಿಡಿದು ಹೊರಗೆ ಎಳೆದು, ಕಣ್ಣಿಗೆ ಕಾಣುವ ಹಾಗೆ ಮೆಷಿನ್ ಮೇಲೆಯೇ ಇಡಿ. ಈ ಕೆಲಸದಲ್ಲಿ ಬ್ಲೇಡಿನ ಹತ್ತಿರ ಕೈ ಹೋಗುವ ಸಂದರ್ಭ ಎಷ್ಟೋ ಸಲ ಬರುತ್ತದೆ.

ಜಾಗ ಹುಡುಕುವಾಗ ನಾಲ್ಕು ವಿಷಯ ಒಟ್ಟಿಗೆ ನೋಡಬೇಕು. ಹೊಟ್ಟು ಹೊರಬರುವ ಹಿಂಭಾಗ ಬೇಡ. ಹ್ಯಾಂಡಲ್ ತಿರುಗುವಾಗ ಕೈಗೆ ತಾಗಬಾರದು. ಮರ ಒಳಗೆ ಕೊಡಲು ನಿಲ್ಲುವ ಕಡೆಯಿಂದ ಡಿಸ್‌ಪ್ಲೇ ಕಾಣಬೇಕು. ಮತ್ತೆ ಸಾಧ್ಯವಾದಷ್ಟು ಒಂದು ಕಂಬದ ಹತ್ತಿರ ಇರಬೇಕು, ಯಾಕಂದ್ರೆ ಕ್ಯಾರೇಜ್‌ನ ಗಟ್ಟಿ ಭಾಗ ಅದೇ. ಪ್ಲಾಸ್ಟಿಕ್ ಕವರ್ ಮೇಲೆ ಯಾವುದನ್ನೂ ಕೂರಿಸಬೇಡಿ. ಕೈಯಿಂದ ಒತ್ತಿದರೆ ಪ್ಲಾಸ್ಟಿಕ್ ಅರ್ಧ ಮಿಲಿಮೀಟರ್ ಬಾಗುತ್ತದೆ, ಆಮೇಲೆ ನೂರನೇ ಒಂದು ಮಿಲಿಮೀಟರ್ ತೋರಿಸುವ ಡಿಸ್‌ಪ್ಲೇ ಇಟ್ಟುಕೊಂಡು ಏನು ಮಾಡುವುದು? ಲೋಹದ ಎರಕ ಎಲ್ಲಿದೆ ಹುಡುಕಿ. ಅದರಲ್ಲಿ ಈಗಾಗಲೇ ಇರುವ ಬೋಲ್ಟ್ ಸಿಕ್ಕರೆ ಇನ್ನೂ ಒಳ್ಳೆಯದು, ಸ್ವಲ್ಪ ಉದ್ದದ ಬೋಲ್ಟ್ ತಂದು ಅದೇ ತೂತಿಗೆ ಬ್ರಾಕೆಟ್ ಕೂರಿಸಿದರೆ ಹೊಸ ತೂತೂ ಬೇಡ, ವಾರಂಟಿಯ ಚಿಂತೆಯೂ ಕಡಿಮೆ.

ಸ್ಕೇಲ್‌ನ ಕೋಲು ಅಲುಗದ ಬೇಸ್‌ಗೆ, ಹೆಡ್ ಏರಿಳಿಯುವ ಕ್ಯಾರೇಜ್‌ಗೆ. ಈಗ ದಿಕ್ಕು ನೋಡಿ. ಕ್ಯಾರೇಜ್ ಮೇಲೆ ಹೋದರೆ ದಪ್ಪ ಹೆಚ್ಚು, ಹಾಗಾಗಿ ಹೆಡ್ ಮೇಲೆ ಹೋದಾಗ ಡಿಸ್‌ಪ್ಲೇಯಲ್ಲಿ ಸಂಖ್ಯೆ ಏರಬೇಕು. ಸ್ಕೇಲನ್ನು ಕೈಯಲ್ಲೇ ಲಂಬವಾಗಿ ಹಿಡಿದು, ಅಂಕಿ ನೆಟ್ಟಗೆ ಕಾಣುವ ಹಾಗೆ ಇಟ್ಟು, ಹೆಡ್ ಮೇಲಕ್ಕೆ ಜಾರಿಸಿ ನೋಡಿ. ಸಂಖ್ಯೆ ಇಳಿದರೆ ಕೋಲನ್ನು ತಲೆಕೆಳಗು ಮಾಡಬೇಕು, ಆಗ ಅಂಕಿಗಳೂ ತಲೆಕೆಳಗಾಗುತ್ತವೆ. ಕೆಲವು ಮಾಡೆಲ್‌ಗಳಲ್ಲಿ ದಿಕ್ಕು ಬದಲಿಸುವ ಗುಂಡಿ ಇರುತ್ತದೆ. ಇಲ್ಲದಿದ್ದರೆ ವೈರ್ ಡಿಸ್‌ಪ್ಲೇಯೇ ಪರಿಹಾರ. ತೂತು ಕೊರೆದ ಮೇಲೆ ಇದು ಗೊತ್ತಾಗುವುದು ಬೇಡ.

ತೂತಿಗೆ ಮೊದಲು ಟೇಪ್. ಗಟ್ಟಿ ಎರಡು ಬದಿ ಅಂಟಿನ ಫೋಮ್ ಟೇಪ್ ಹಾಕಿ ಎಲ್ಲವನ್ನೂ ತಾತ್ಕಾಲಿಕವಾಗಿ ಕೂರಿಸಿ, ಕ್ಯಾರೇಜನ್ನು ತುದಿಯಿಂದ ತುದಿಗೆ ನಿಧಾನವಾಗಿ ಓಡಿಸಿ. ಎಲ್ಲೂ ತಾಗುತ್ತಿಲ್ಲ, ಎಳೆಯುತ್ತಿಲ್ಲ, ಎರಡೂ ತುದಿಯಲ್ಲಿ ಹೆಡ್‌ಗೆ ಇನ್ನೂ ಒಂದು ಸೆಂಟಿಮೀಟರ್ ಜಾಗ ಉಳಿದಿದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಗುರುತು ಹಾಕಿ.

ಬ್ರಾಕೆಟ್

25 × 25 × 3 ಮಿ.ಮೀ. ಅಲ್ಯುಮಿನಿಯಂ ಆ್ಯಂಗಲ್ ಒಂದಡಿ ಇದ್ದರೆ ಎಲ್ಲ ಬ್ರಾಕೆಟ್‌ಗಳೂ ಆಗುತ್ತವೆ. ಸ್ಲೈಡಿಂಗ್ ಕಿಟಕಿ ಮಾಡುವವರ ಹತ್ತಿರ ತುಂಡು ಕೇಳಿದರೂ ಸಿಗುತ್ತದೆ. ಬೋಲ್ಟ್ ಹೋಗುವ ತೂತನ್ನು ದುಂಡಗೆ ಬಿಡದೆ ಅರದಿಂದ ಉಜ್ಜಿ ಉದ್ದ ಮಾಡಿ. ಕೋಲಿನ ಬ್ರಾಕೆಟ್‌ಗೆ ಅಡ್ಡ ದಿಕ್ಕಿನಲ್ಲಿ, ಹೆಡ್‌ನ ಬ್ರಾಕೆಟ್‌ಗೆ ಮೇಲೆ-ಕೆಳಗಿನ ದಿಕ್ಕಿನಲ್ಲಿ. ಕೂರಿಸಿದ ಮೇಲೆ ಸರಿಪಡಿಸಲು ಈ ಸಡಿಲ ಬೇಕೇ ಬೇಕು.

ಹೆಚ್ಚಿನವರು ಕೆಡಿಸುವುದು ಹೆಡ್ ಮತ್ತು ಕ್ಯಾರೇಜ್ ನಡುವಿನ ಜೋಡಣೆಯನ್ನು. ಎರಡನ್ನೂ ನೇರವಾಗಿ ಗಟ್ಟಿ ಬೋಲ್ಟ್ ಮಾಡಿಬಿಡುತ್ತಾರೆ. ಕ್ಯಾರೇಜ್ ಏರುವ ದಾರಿಯೂ ಕೋಲಿನ ಗೆರೆಯೂ ನೂರಕ್ಕೆ ನೂರು ಒಂದೇ ಆಗಿರುವುದಿಲ್ಲ ಅಲ್ವಾ. ಸ್ವಲ್ಪ ವ್ಯತ್ಯಾಸ ಇದ್ದರೂ ಹೆಡ್ ಕೋಲಿನ ಮೇಲೆ ಬಿಗಿದುಕೊಂಡು, ತಡೆದು ತಡೆದು ಜಾರುತ್ತದೆ, ಕೋಲು ಬಾಗುತ್ತದೆ, ಸಂಖ್ಯೆ ತಪ್ಪುತ್ತದೆ. ಬೇಕಾಗಿರುವುದು ಮೇಲೆ-ಕೆಳಗೆ ಒಂದಿಷ್ಟೂ ಸಡಿಲ ಇರದ, ಆದರೆ ಹಿಂದೆ-ಮುಂದೆ ಸ್ವಲ್ಪ ಬಳುಕುವ ಕೊಂಡಿ. ಪಾರ್ಸೆಲ್ ಪೆಟ್ಟಿಗೆಗಳಿಗೆ ಸುತ್ತುವ ಉಕ್ಕಿನ ಪ್ಯಾಕಿಂಗ್ ಪಟ್ಟಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸುಮಾರು 50 ಮಿ.ಮೀ. ತುಂಡು ಕತ್ತರಿಸಿ, ಲಂಬವಾಗಿ ನಿಲ್ಲಿಸಿ, ಒಂದು ತುದಿ ಕ್ಯಾರೇಜ್ ಬ್ರಾಕೆಟ್‌ಗೆ, ಇನ್ನೊಂದು ತುದಿ ಹೆಡ್‌ಗೆ ಬಿಗಿಯಿರಿ. ಉದ್ದಕ್ಕೆ ಎಳೆದರೂ ತಳ್ಳಿದರೂ ಪಟ್ಟಿ ಜಗ್ಗುವುದಿಲ್ಲ, ಅಗಲದ ಮುಖಕ್ಕೆ ಒತ್ತಿದರೆ ಬಳುಕುತ್ತದೆ. ಪಟ್ಟಿಯನ್ನು ಅಡ್ಡಡ್ಡ ಮಲಗಿಸಿ ಕಟ್ಟಬೇಡಿ, ಆಗ ಬಳುಕುವುದು ಮೇಲೆ-ಕೆಳಗೆ, ನಮಗೆ ಬೇಡದ ದಿಕ್ಕಿನಲ್ಲೇ.

ತೂತು, ಮರೆ, ಬಿಗಿತ

ಮರೆ ಕೊರೆಯುವ ತೂತಿಗೆ, ಎಂ 4 (4 ಮಿ.ಮೀ.) ಬೋಲ್ಟ್‌ಗೆ 3.3 ಮಿ.ಮೀ. ಡ್ರಿಲ್, ಎಂ 5 ಬೋಲ್ಟ್‌ಗೆ 4.2 ಮಿ.ಮೀ. ಸೆಂಟರ್ ಪಂಚ್ ಹೊಡೆಯದೆ ಡ್ರಿಲ್ ಇಡಬೇಡಿ, ಅಲ್ಯುಮಿನಿಯಂ ಎರಕದ ಮೇಲೆ ಡ್ರಿಲ್ ಜಾರುತ್ತದೆ. ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ. ಎರಕದ ಹಿಂದೆ ಚೈನ್, ಬೆಲ್ಟ್, ವೈರ್ ಏನಿದೆ ಅಂತ ಕವರ್ ಬಿಚ್ಚಿ ಕಣ್ಣಾರೆ ನೋಡದೆ ಕೊರೆಯಲೇಬಾರದು. ಟ್ಯಾಪ್ (ತೂತಿನೊಳಗೆ ಮರೆ ಕೊರೆಯುವ ಸಾಧನ) ತಿರುಗಿಸುವಾಗ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಒಂದೆರಡು ಹನಿ ಸೀಮೆಎಣ್ಣೆ. ಕೆಲಸ ಮುಗಿದ ಮೇಲೆ ಲೋಹದ ಚೂರು ಒಂದೂ ಉಳಿಯದ ಹಾಗೆ ಎಳೆದು ತೆಗೆಯಿರಿ, ಬೆಡ್ ಮೇಲೆ ಒಂದು ಚೂರು ಉಳಿದರೂ ಮೊದಲ ಹಲಗೆಯಲ್ಲೇ ಉದ್ದ ಗೀರು ಬೀಳುತ್ತದೆ.

ಕೋಲನ್ನು ನಿಲ್ಲಿಸುವಾಗ ಬೆಡ್ ಮೇಲೆ ಮೂಲೆಮಟ್ಟ ಇಟ್ಟು ಎರಡೂ ಮುಖಗಳಲ್ಲಿ ನೋಡಿ. ಒಂದು ಡಿಗ್ರಿ ವಾಲಿದರೆ 100 ಮಿ.ಮೀ. ಓಟಕ್ಕೆ ತಪ್ಪು 0.015 ಮಿ.ಮೀ. ಮಾತ್ರ, ಯಾರಿಗೂ ಗೊತ್ತಾಗುವುದಿಲ್ಲ. ಐದು ಡಿಗ್ರಿ ವಾಲಿದರೆ 0.38 ಮಿ.ಮೀ. ಆಗುತ್ತದೆ, ಅದು ಜಾಯಿಂಟ್‌ನಲ್ಲಿ ಕಾಣುತ್ತದೆ. ಹಾಗಾಗಿ ಮೂಲೆಮಟ್ಟಕ್ಕೆ ತಾಗುವ ಹಾಗೆ ನಿಲ್ಲಿಸಿದರೆ ಸಾಕು.

ಪ್ಲೇನರ್ ಅಂದರೆ ನಡುಕ. ಎಲ್ಲ ಬೋಲ್ಟ್‌ಗೂ ಬಿಚ್ಚಬಹುದಾದ ನೀಲಿ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ, ಇಲ್ಲವೇ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ ನಟ್) ಬಳಸಿ. ಬ್ರಾಕೆಟ್‌ನ ಹೊಂದಾಣಿಕೆ ಬೋಲ್ಟ್‌ಗೆ ಮಾತ್ರ ಈಗಲೇ ಬೇಡ. ಮೇಲಿಂದ ಅಕ್ರಿಲಿಕ್ ತುಂಡೊಂದನ್ನು ಬಾಗಿಸಿ ಮುಚ್ಚಳದ ಥರ ಹಾಕಿದರೆ ಹೊಟ್ಟು ನೇರ ಕೋಲಿನ ಮೇಲೆ ಬೀಳುವುದಿಲ್ಲ.

ಅಳತೆ ಹೊಂದಿಸುವುದು

ಸಂಖ್ಯೆ ಕೂರಿಸುವ ಮುಂಚೆ ಮೆಷಿನ್ ಸರಿಯಿದೆಯಾ ನೋಡಿ. ಒಂದೇ ಹಲಗೆಯಿಂದ ಎರಡು ಪಟ್ಟಿ ಸೀಳಿ, ಒಂದನ್ನು ಬೆಡ್‌ನ ಎಡ ಅಂಚಿಗೆ, ಇನ್ನೊಂದನ್ನು ಬಲ ಅಂಚಿಗೆ ಕೊಟ್ಟು ಒಂದೇ ಸೆಟ್ಟಿಂಗ್‌ನಲ್ಲಿ ಕೀಸಿ. ಎರಡರ ದಪ್ಪದಲ್ಲಿ 0.1 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೊದಲು ಮ್ಯಾನ್ಯುವಲ್ ನೋಡಿ ಕ್ಯಾರೇಜ್ ಸಮ ಮಾಡಿ. ವಾಲಿದ ಮೆಷಿನ್‌ಗೆ ಡಿಜಿಟಲ್ ಸ್ಕೇಲ್ ಹಾಕಿದರೆ ಅದು ಒಂದು ಅಂಚಿನ ಸತ್ಯ ಮಾತ್ರ ಹೇಳುತ್ತದೆ.

ಆಮೇಲೆ ಒಣಗಿದ ಗಟ್ಟಿ ಮರದ ತುಂಡು ತಗೊಳ್ಳಿ. ಹೊನ್ನೆ, ಮತ್ತಿ, ತೇಗ ಯಾವುದಾದರೂ ಸರಿ, ಅರ್ಧ ಮೀಟರ್ ಉದ್ದ ಇರಲಿ, ಒಂದು ಮುಖ ಹತ್ತರಿ ಹಿಡಿದೋ ಜಾಯಿಂಟರ್‌ನಲ್ಲೋ ಸಪಾಟಾಗಿರಲಿ. ಆ ಮುಖ ಕೆಳಗಿಟ್ಟು ಎರಡು ಮೂರು ಪಾಸ್ ಕೊಡಿ. ಕೊನೆಯ ಪಾಸ್ ಅರ್ಧ ಮಿಲಿಮೀಟರ್ ಇರಲಿ, ಯಾಕಂದ್ರೆ ದಪ್ಪ ಪಾಸ್ ಕೊಟ್ಟಾಗ ಮರ ಬ್ಲೇಡನ್ನು ಮೇಲಕ್ಕೆ ನೂಕುತ್ತದೆ, ಅದೇ ಸೆಟ್ಟಿಂಗ್‌ನಲ್ಲಿ ಹಲಗೆ ಒಂದು ಎಳೆ ದಪ್ಪ ಬರುತ್ತದೆ. ದಿನಾ ಮಾಡುವ ಕೊನೆಯ ಪಾಸ್ ಹೇಗಿರುತ್ತದೋ ಹೊಂದಾಣಿಕೆಯ ಪಾಸೂ ಹಾಗೇ ಇರಬೇಕು.

ಈಗ ಹ್ಯಾಂಡಲ್ ಮುಟ್ಟದೆ, ತುಂಡನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಎರಡೂ ತುದಿಯಿಂದ ಕನಿಷ್ಠ 100 ಮಿ.ಮೀ. ಒಳಗೆ, ಮೂರು ಕಡೆ. ತುದಿಯಲ್ಲಿ ರೋಲರ್ ಹಿಡಿತ ತಪ್ಪಿ ಸ್ವಲ್ಪ ಆಳ ಕೀಸಿರುತ್ತದೆ, ಆ ಜಾಗ ಲೆಕ್ಕಕ್ಕಿಲ್ಲ. 23.42 ಬಂತು ಅಂತಿಟ್ಟುಕೊಳ್ಳಿ. ಪ್ರೀಸೆಟ್ ಇದ್ದರೆ ಡಿಸ್‌ಪ್ಲೇಯಲ್ಲಿ 23.42 ಕೂರಿಸಿ, ಮುಗಿಯಿತು. ಬರೀ ಝೀರೋ ಗುಂಡಿ ಇದ್ದರೆ ಹೆಡ್‌ನ ಬ್ರಾಕೆಟ್ ಬೋಲ್ಟ್ ಸಡಿಲ ಮಾಡಿ, ಹೆಡ್ ಕೋಲಿನ ಕೆಳತುದಿಯ ಹತ್ತಿರ ತಂದು ಝೀರೋ ಒತ್ತಿ, ಡಿಸ್‌ಪ್ಲೇ 23.42 ತೋರಿಸುವವರೆಗೆ ಕೈಯಿಂದ ಮೇಲಕ್ಕೆ ಜಾರಿಸಿ ಬೋಲ್ಟ್ ಬಿಗಿಯಿರಿ. ಬಿಗಿಯುವಾಗ ಒಂದೆರಡು ಅಂಕಿ ಅಲುಗುತ್ತದೆ, ತಾಳ್ಮೆಯಿಂದ ಮತ್ತೆ ಮಾಡಿ. ಸರಿಯಾದ ಮೇಲೆ ಆ ಬೋಲ್ಟ್‌ಗೂ ಥ್ರೆಡ್ ಲಾಕರ್.

ಕೆಲವರು ಗೇಜ್ ಬ್ಲಾಕ್ ಅಂತ ಉಕ್ಕಿನ ತುಂಡನ್ನು ಬ್ಲೇಡ್ ಕೆಳಗೆ ಇಟ್ಟು ಕ್ಯಾರೇಜ್ ಇಳಿಸಿ ತಾಗಿಸುತ್ತಾರೆ. ಹಾಗೆ ಮಾಡಬೇಡಿ. ಬ್ಲೇಡಿನ ಬಾಯಿ ಹೋಗುತ್ತದೆ. ರೋಲರ್‌ಗೆ ತಾಗಿಸಿದರೆ ಅದು ಸ್ಪ್ರಿಂಗ್ ಮೇಲಿರುತ್ತದೆ, ಅಳತೆಗೆ ಅರ್ಥ ಇರುವುದಿಲ್ಲ.

ಸಂಖ್ಯೆ ಹೊಂದದಿದ್ದರೆ

ಒಂದೇ ದಪ್ಪದಲ್ಲಿ ನೋಡಿ ನಂಬಬೇಡಿ. ಸುಮಾರು 12, 25, 50 ಮಿ.ಮೀ. ಮೂರು ದಪ್ಪದಲ್ಲಿ ತುಂಡು ಕೀಸಿ ಡಿಸ್‌ಪ್ಲೇ ಮತ್ತು ಕ್ಯಾಲಿಪರ್ ಎರಡನ್ನೂ ಬರೆದುಕೊಳ್ಳಿ. ಮೂರರಲ್ಲೂ ಒಂದೇ ವ್ಯತ್ಯಾಸ, ಉದಾಹರಣೆಗೆ 0.08, ಬಂದರೆ ಹೊಂದಾಣಿಕೆ ಮಾತ್ರ ತಪ್ಪಿದೆ, ಮತ್ತೆ ಕೂರಿಸಿ. ದಪ್ಪದ ಜೊತೆ ವ್ಯತ್ಯಾಸವೂ ಏರುತ್ತಾ ಹೋದರೆ ಕೋಲು ವಾಲಿದೆ, ಇಲ್ಲವೇ ಎಲ್ಲೋ ಬಾಗುತ್ತಿದೆ. ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಬಂದರೆ ಸಡಿಲ ಇದೆ ಅಂತ ಅರ್ಥ. ಅದು ಬ್ರಾಕೆಟ್‌ನದ್ದಾಗಿರಬಹುದು, ಮೆಷಿನ್‌ನ ಸ್ಕ್ರೂಗಳದ್ದೂ ಆಗಿರಬಹುದು.

ಕೀಸುತ್ತಿರುವಾಗ ಸಂಖ್ಯೆ ದಿಢೀರ್ ಅಂತ ಜಿಗಿದರೆ ವಿದ್ಯುತ್ತಿನ ತೊಂದರೆ ಇರಬಹುದು. ಪ್ಲಾಸ್ಟಿಕ್ ಪೈಪಿನಲ್ಲಿ ಒಣ ಹೊಟ್ಟು ರಭಸವಾಗಿ ಹೋಗುವಾಗ ಸ್ಟ್ಯಾಟಿಕ್ ಹುಟ್ಟುತ್ತದೆ, ಈ ಸ್ಕೇಲ್‌ಗಳು ಕೆಪಾಸಿಟೆನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಗುಣ) ಮೇಲೆ ಕೆಲಸ ಮಾಡುವುದರಿಂದ ಅದಕ್ಕೆ ಬೆದರುತ್ತವೆ. ಕೋಲಿಗೂ ಮೆಷಿನ್‌ನ ಲೋಹದ ಮೈಗೂ ಒಂದು ವೈರ್ ಕಟ್ಟಿ ನೋಡಿ. ಡಿಸ್‌ಪ್ಲೇಯ ವೈರನ್ನು ಮೋಟರ್‌ನಿಂದ ದೂರ ಓಡಿಸಿ. ಕೋಲಿನ ಮೇಲೆ ತೇವ, ಎಣ್ಣೆ ಕೂತರೂ ಹೀಗೇ ಆಗುತ್ತದೆ, ಒಣ ಬಟ್ಟೆಯಲ್ಲಿ ಒರೆಸಿ. ಬೆಡ್‌ಗೆ ಮೇಣ ಉಜ್ಜುವಾಗ ಸ್ಕೇಲ್‌ಗೆ ತಾಗದ ಹಾಗೆ ನೋಡಿಕೊಳ್ಳಿ.

ಕೆಲಸದಲ್ಲಿ ಬಳಸುವುದು

ಕೊನೆಯ ಅಳತೆಗೆ ಯಾವಾಗಲೂ ಮೇಲಿನಿಂದ ಕೆಳಗೆ ಬನ್ನಿ. ಬೇಕಾದ್ದಕ್ಕಿಂತ ಕೆಳಗೆ ಹೋದರೆ ಅಲ್ಲಿಂದಲೇ ಮೇಲಕ್ಕೆ ಎತ್ತಿ ನಿಲ್ಲಿಸಬೇಡಿ. ಒಂದು ಸುತ್ತು ಪೂರ್ತಿ ಮೇಲೆ ಹೋಗಿ ಮತ್ತೆ ಇಳಿಸಿ, ಆಗ ಸ್ಕ್ರೂಗಳ ಸಡಿಲವೆಲ್ಲ ಒಂದೇ ಕಡೆಗೆ ಕೂರುತ್ತದೆ.

ಹಳೆಯ ಮೇಸ್ತ್ರಿಗಳು ಸೂತ್ ಲೆಕ್ಕದಲ್ಲಿ ಹೇಳುತ್ತಾರೆ, ಡಿಸ್‌ಪ್ಲೇ ಮಿಲಿಮೀಟರ್‌ನಲ್ಲಿದೆ. ಒಂದು ಸೂತ್ ಅಂದರೆ ಇಂಚಿನ ಎಂಟನೇ ಒಂದು ಭಾಗ, 3.175 ಮಿ.ಮೀ. ಆರು ಸೂತ್ ಅಂದರೆ 19.05. ಇಂಥ ನಾಲ್ಕೈದು ಅಳತೆಗಳನ್ನು ಬರೆದು ಮೆಷಿನ್ ಮೇಲೆ ಅಂಟಿಸಿಡಿ.

ನಾನು ಎಲ್ಲರಿಗೂ ಹೇಳುವ ಅಭ್ಯಾಸ ಇನ್ನೊಂದಿದೆ: ಪ್ರತಿ ಕೆಲಸದ ಕೊನೆಯ ಸಂಖ್ಯೆಯನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ, ಪಕ್ಕದಲ್ಲಿ ಮರ ಯಾವುದು, ಯಾವ ತಿಂಗಳು ಅಂತಲೂ ಬರೆಯಿರಿ. ತಿಂಗಳು ಯಾಕೆ ಅಂದರೆ, ತೇಗ ಒಳ್ಳೆಯ ಸ್ವಭಾವದ ಮರ, ಆದರೂ ವಾರ್ಷಿಕ ಉಂಗುರಗಳ ಗುಂಟ ಹೋಗುವ ದಿಕ್ಕಿನಲ್ಲಿ ಪೂರ್ತಿ ಹಸಿಯಿಂದ ಪೂರ್ತಿ ಒಣಗುವವರೆಗೆ ಸುಮಾರು 5.8 ಪರ್ಸೆಂಟ್ ಕುಗ್ಗುತ್ತದೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿ ಕಡೆ ಮರದ ತೇವ ನಾಲ್ಕು ಪರ್ಸೆಂಟ್ ಏರಿದರೆ 25 ಮಿ.ಮೀ. ಹಲಗೆ 0.2 ಮಿ.ಮೀ.ವರೆಗೆ ಉಬ್ಬಬಹುದು. ಬೇಸಿಗೆಯಲ್ಲಿ 25.00ಕ್ಕೆ ಕೀಸಿದ್ದಕ್ಕೆ ಆಷಾಢದಲ್ಲಿ 25.00ಕ್ಕೆ ಕೀಸಿದ ಹೊಸ ಪಟ್ಟಿ ಜೋಡಿಸಿದರೆ ಮಟ್ಟ ಕೂಡದಿರುವುದು ಸಹಜ. ಅಂಥ ಕಡೆ ಹಳೆಯ ಪಟ್ಟಿಯನ್ನೇ ಈಗ ಅಳೆದು, ಆ ಸಂಖ್ಯೆಗೆ ಹೋಗಿ. ಒಂದು ಸೆಟ್‌ನ ಎಲ್ಲ ತುಂಡುಗಳಿಗೂ ಕೊನೆಯ ಪಾಸ್ ಒಂದೇ ದಿನ, ಒಂದೇ ಸೆಟ್ಟಿಂಗ್‌ನಲ್ಲಿ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು.

ಬೆಡ್ ಏರಿಳಿಯುವ ದೊಡ್ಡ ಮೆಷಿನ್ ಇದ್ದವರಿಗೆ

ಇಲ್ಲಿ ಕೋಲು ಬೆಡ್‌ಗೆ, ಹೆಡ್ ಮೆಷಿನ್‌ನ ಮೈಗೆ. ಡಿಸ್‌ಪ್ಲೇ ಒಂದೇ ಕಡೆ ನಿಲ್ಲುತ್ತದೆ, ಇದು ದೊಡ್ಡ ಅನುಕೂಲ. ದಿಕ್ಕಿನ ಲೆಕ್ಕ ಬದಲಾಗುವುದಿಲ್ಲ: ಬೆಡ್ ಇಳಿದಾಗ ಕೋಲು ಕೆಳಗೆ ಹೋಗುತ್ತದೆ, ಹೆಡ್ ಕೋಲಿನ ಮೇಲ್ತುದಿಯ ಕಡೆ ಸರಿದ ಹಾಗಾಗುತ್ತದೆ, ಸಂಖ್ಯೆ ಏರುತ್ತದೆ. ಬೀಡು ಕಬ್ಬಿಣವನ್ನು ಎಣ್ಣೆ ಇಲ್ಲದೆ ಒಣಗಿದ್ದಂತೆಯೇ ಕೊರೆಯಬಹುದು. ಕೊನೆಯ ಅಳತೆಗೆ ಬೆಡ್ಡನ್ನು ಕೆಳಗಿನಿಂದ ಮೇಲೆ ತನ್ನಿ, ಆಗ ಭಾರ ಪೂರ್ತಿ ಸ್ಕ್ರೂ ಮೇಲೆ ಕೂತಿರುತ್ತದೆ. ಬೆಡ್ ಲಾಕ್ ಇದ್ದರೆ ಅದನ್ನು ಬಿಗಿದ ಮೇಲೆಯೇ ಸಂಖ್ಯೆ ಓದಿ, ಬಿಗಿಯುವಾಗ ಬೆಡ್ ಸ್ವಲ್ಪ ಸರಿಯುತ್ತದೆ.

ಇನ್ನು ಸೆಲ್ ವಿಷಯ. ಎಲ್‌ಆರ್ 44 ಹಾಕುವ ಸ್ಕೇಲ್ ಆದರೆ ಅದೇ ಅಳತೆಯ ಎಸ್‌ಆರ್ 44 ಸಿಲ್ವರ್ ಆಕ್ಸೈಡ್ ಸೆಲ್ ಹಾಕಿ. ಕೊನೆಯವರೆಗೂ ವೋಲ್ಟೇಜ್ ಒಂದೇ ಮಟ್ಟದಲ್ಲಿರುತ್ತದೆ, ಬಾಳಿಕೆಯೂ ಜಾಸ್ತಿ. ಅಗ್ಗದ ಸ್ಕೇಲ್‌ಗಳು ಆಫ್ ಮಾಡಿದರೂ ಒಳಗೊಳಗೆ ಕರೆಂಟ್ ಎಳೆಯುತ್ತಲೇ ಇರುತ್ತವೆ, ಹಾಗಾಗಿ ಒಂದು ಜೊತೆ ಸೆಲ್ ಡ್ರಾಯರ್‌ನಲ್ಲಿರಲಿ. ಸೆಲ್ ಬದಲಿಸಿದಾಗ ಕೂರಿಸಿದ ಸಂಖ್ಯೆ ಹೋಗುತ್ತದೆ. ಬ್ಲೇಡ್ ಬದಲಿಸಿದಾಗ, ಸಾಣೆ ಹಿಡಿದು ಮತ್ತೆ ಕೂರಿಸಿದಾಗ ಸಂಖ್ಯೆ ಹಾಗೇ ಇದ್ದರೂ ಬ್ಲೇಡಿನ ಎತ್ತರ ಬದಲಾಗಿರುತ್ತದೆ. ಎರಡಕ್ಕೂ ಒಂದೇ ಕೆಲಸ: ಒಂದು ತುಂಡು ಕೀಸಿ, ಮೂರು ಕಡೆ ಅಳೆದು, ಹೊಸದಾಗಿ ಸಂಖ್ಯೆ ಕೂರಿಸಿ.